ಊರಿನ ರಸ್ತೆಯೂ ಮೋಟಾರು ಸೈಕಲ್ಲಿನ ಸದ್ದೂ



ಇಂದು ನಮ್ಮ ಹಳ್ಳಿಗಳಲ್ಲಿ ಮೋಟಾರು ಸೈಕಲ್ಲು ಇಲ್ಲದ ಕೇರಿ ಸಿಗುವುದು ಅಪರೂಪ. ಬೆಳಗ್ಗೆ ಡೈರಿಗೆ ಹಾಲಿನ ಕ್ಯಾನು ಹೋಗುವುದು ಅದರ ಮೇಲೆ. ಬಿತ್ತನೆಯ ಬೀಜ, ಗೊಬ್ಬರದ ಚೀಲ ಬರುವುದು ಅದರ ಮೇಲೆ. ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಔಷಧಿಗೆ ಓಡುವುದೂ ಅದರ ಮೇಲೆಯೇ. ಹಿಂದೆ ಎತ್ತಿನ ಗಾಡಿಗೆ ಸಲ್ಲುತ್ತಿದ್ದ ಗೌರವ ಈಗ ಅದಕ್ಕೆ ಸಲ್ಲುತ್ತಿದೆ, ಅದು ಸಲ್ಲತಕ್ಕದ್ದೇ. ಆದ್ದರಿಂದ ಈ ಲೇಖನವನ್ನು ಮೋಟಾರು ಸೈಕಲ್ಲಿನ ಮೇಲಿನ ದೂರೆಂದು ಯಾರೂ ಭಾವಿಸಬಾರದು. ಕಾರ್ಖಾನೆಯವರು ಕೂಡಿಸಿ ಕೊಟ್ಟ ಸೈಲೆನ್ಸರನ್ನು ಕಳಚಿ, ಆ ಜಾಗಕ್ಕೆ ಗುಡುಗಿನಂತೆ ಅಬ್ಬರಿಸುವ ಬೇರೆ ಕೊಳವೆಯನ್ನು ಹಾಕಿಸುವ ಚಾಳಿಯೊಂದು ಪೇಟೆಯಿಂದ ಹಳ್ಳಿಗೂ ಬಂದಿದೆ. ಅದರ ವಿಚಾರವಾಗಿ ಮಾತ್ರ ಇಲ್ಲಿ ಕೆಲವು ಮಾತುಗಳು.

"ದುಡ್ಡು ನಮ್ಮದು, ಗಾಡಿ ನಮ್ಮದು, ಊರವರಿಗೇನು ತೊಂದರೆ?" ಎಂದು ಯುವಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಬೈದು ಬಾಯಿ ಮುಚ್ಚಿಸಿದರೆ ಅದಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ. ಕಾಲುವೆಯ ಮೇಲ್ಭಾಗದ ಹೊಲದವನೂ ಹೀಗೆಯೇ ಹೇಳಬಹುದು: "ಹೊಲ ನನ್ನದು, ತೂಬು ನನ್ನ ಬದುವಿನಲ್ಲಿದೆ." ಆದರೆ ಅವನು ಎತ್ತಿಕೊಂಡ ನೀರು ಕೆಳಗಿನವನ ಪೈರಿನ ಪಾಲು. ಊರಿನ ನೆಮ್ಮದಿಯೂ ಕಾಲುವೆಯ ನೀರಿನಂತೆ ಎಲ್ಲರಿಗೂ ಸೇರಿದ್ದು. ಒಬ್ಬನ ಸದ್ದು ಎಷ್ಟು ಮನೆಗಳ ಪಾಲನ್ನು ತಿನ್ನುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಸೈಲೆನ್ಸರ್ ಮಾಡುವ ಕೆಲಸವೇನು?

ಎಂಜಿನ್ನಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಆ ಬಳಿಕ ಹೊಗೆಯ ಕವಾಟ ತೆರೆದು, ಒತ್ತಡದಲ್ಲಿದ್ದ ಬಿಸಿ ಅನಿಲ ಒಮ್ಮೆಲೇ ಹೊರಕ್ಕೆ ನುಗ್ಗುತ್ತದೆ. ಒಂದೊಂದು ಸಲವೂ ಇದೊಂದು ಸಣ್ಣ ಸಿಡಿತವೇ ಸರಿ. ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕಿನ ಎಂಜಿನ್ನು ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಇಂಥ ಸಿಡಿತ ನಿಮಿಷಕ್ಕೆ 2,000 ಸಲ, ಅಂದರೆ ಸೆಕೆಂಡಿಗೆ ಸುಮಾರು 33 ಸಲ ಆಗುತ್ತದೆ. ಇದನ್ನು ತಡೆಯದೆ ಬಿಟ್ಟರೆ ಕಿವಿ ನಿಲ್ಲುವುದಿಲ್ಲ.

ಸೈಲೆನ್ಸರಿನ ಹೊಟ್ಟೆಯೊಳಗೆ ತಗಡಿನ ಅಡ್ಡಗೋಡೆಗಳಿಂದ ಮಾಡಿದ ಕೋಣೆಗಳಿರುತ್ತವೆ. ತೂತು ಕೊರೆದ ಕೊಳವೆಗಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಹಾದುಹೋಗುತ್ತವೆ. ನುಗ್ಗಿ ಬಂದ ಅನಿಲ ಮೊದಲ ಕೋಣೆಯಲ್ಲಿ ಹರಡಿ ಬಿರುಸು ಕಳೆದುಕೊಳ್ಳುತ್ತದೆ. ಸದ್ದಿನ ಅಲೆಗಳು ಗೋಡೆಗೆ ಬಡಿದು ಹಿಂದಿರುಗಿ, ಎದುರಿನಿಂದ ಬರುವ ಅಲೆಗಳಿಗೆ ಡಿಕ್ಕಿ ಹೊಡೆದು ಒಂದನ್ನೊಂದು ಅಳಿಸಿಹಾಕುತ್ತವೆ. ಧುಮ್ಮಿಕ್ಕುವ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಅದರ ರಭಸ ಮುರಿಯುತ್ತೇವಲ್ಲ, ಇದೂ ಹಾಗೆಯೇ. ಪೇಟೆಯಲ್ಲಿ ಸಿಗುವ ಅಬ್ಬರದ ಕೊಳವೆಗಳಲ್ಲಿ ಈ ಕೋಣೆಗಳು ಹೆಸರಿಗೆ ಮಾತ್ರ ಇರುತ್ತವೆ, ಇಲ್ಲವೇ ಇರುವುದೇ ಇಲ್ಲ. ಕೆಲವರು ಹೊಸ ಕೊಳವೆ ಕೊಳ್ಳದೆ, ಇದ್ದ ಸೈಲೆನ್ಸರಿನ ಒಳಗಿನ ಗೋಡೆಗಳನ್ನೇ ಕೊರೆಸಿ ತೆಗೆಸುತ್ತಾರೆ. ಎರಡರ ಫಲವೂ ಒಂದೇ.

ಸೈಲೆನ್ಸರಿಗೆ ಇನ್ನೊಂದು ಕೆಲಸವೂ ಉಂಟು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮ ಜಾರಿಗೆ ಬಂದಿದೆ. ಅದರಂತೆ ತಯಾರಾದ ಮೋಟಾರು ಸೈಕಲ್ಲುಗಳ ಹೊಗೆಯ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಶೋಧಕ ಇರುತ್ತದೆ. ಜೇನುಗೂಡಿನಂತಿರುವ ಅದರ ರಂಧ್ರಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳು ಲೇಪವಿದ್ದು, ವಿಷಾನಿಲಗಳನ್ನು ಅದು ಬಹುಮಟ್ಟಿಗೆ ನಿರಪಾಯ ಮಾಡಿ ಹೊರಬಿಡುತ್ತದೆ. ಹಳೆಯ ಸೈಲೆನ್ಸರನ್ನು ಗುಜರಿಯವನಿಗೆ ಕೊಟ್ಟು ಚಿಲ್ಲರೆ ದುಡ್ಡು ಪಡೆದವರು, ಹಲವು ಸಾವಿರ ಬೆಲೆಯ ವಸ್ತುವನ್ನು ಕೈಬಿಟ್ಟೆವೆಂದು ತಿಳಿಯುವುದು ಅದನ್ನು ಮರಳಿ ಕೊಳ್ಳಲು ಹೋದಾಗಲೇ.

ಸದ್ದನ್ನು ಅಳೆಯುವ ಬಗೆ

ಸದ್ದಿನ ಅಳತೆಗೆ ಡೆಸಿಬಲ್ ಎಂದು ಹೆಸರು. ಇದು ಸೇರು, ಪಾವಿನ ಲೆಕ್ಕದಂಥದಲ್ಲ. ಡೆಸಿಬಲ್ಲಿನಲ್ಲಿ 10 ಹೆಚ್ಚಾಯಿತೆಂದರೆ ಸದ್ದಿನ ಶಕ್ತಿ 10 ಪಟ್ಟು ಹೆಚ್ಚಾಯಿತೆಂದು ಅರ್ಥ. 20 ಹೆಚ್ಚಾದರೆ 100 ಪಟ್ಟು. ನಮ್ಮ ಕಿವಿಗೆ ಮಾತ್ರ ಪ್ರತಿ 10ಕ್ಕೂ ಸದ್ದು ಸುಮಾರು ಇಮ್ಮಡಿಯಾದಂತೆ ಕೇಳಿಸುತ್ತದೆ.

ಕಾರ್ಖಾನೆಯಿಂದ ಹೊರಬರುವ ಮೋಟಾರು ಸೈಕಲ್ಲು ಎಷ್ಟು ಸದ್ದು ಮಾಡಬಹುದೆಂದು ಸರ್ಕಾರ ಗೊತ್ತುಮಾಡಿದೆ. 80 ಸಿ.ಸಿ.ವರೆಗಿನ ಎಂಜಿನ್ನಿಗೆ 75 ಡೆಸಿಬಲ್, 80ಕ್ಕಿಂತ ಮೇಲೆ 175 ಸಿ.ಸಿ.ವರೆಗೆ 77, ಅದಕ್ಕಿಂತ ದೊಡ್ಡದಕ್ಕೆ 80. ಗಾಡಿಯನ್ನು ವೇಗ ಹೆಚ್ಚಿಸುತ್ತ ಓಡಿಸಿ, ಅದರ ದಾರಿಯಿಂದ 7.5 ಮೀಟರ್ ದೂರದಲ್ಲಿ ಯಂತ್ರವಿಟ್ಟು ಈ ಅಳತೆ ತೆಗೆಯುತ್ತಾರೆ.

ಒಂದು ಲೆಕ್ಕ ಮಾಡೋಣ. ಸೈಲೆನ್ಸರ್ ಬದಲಾಯಿಸಿದ ಗಾಡಿಯೊಂದು ಅಷ್ಟೇ ದೂರದಲ್ಲಿ 100 ಡೆಸಿಬಲ್ ಸದ್ದು ಮಾಡುತ್ತದೆಂದು ಇಟ್ಟುಕೊಳ್ಳಿ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 15 ಮೀಟರಿನಲ್ಲಿ 94, 30ರಲ್ಲಿ 88, 60ರಲ್ಲಿ 82, 120 ಮೀಟರಿನಲ್ಲಿ 76. ಅಂದರೆ ಸರಿಯಾದ ಗಾಡಿ ಮನೆಯ ಜಗಲಿಯ ಮುಂದೆ ಹಾದುಹೋದಾಗ ಎಷ್ಟು ಕೇಳಿಸುತ್ತದೆಯೋ, ಕೆಡಿಸಿದ ಗಾಡಿ ಊರ ಆಚೆಯ ಬೀದಿಯಲ್ಲಿ ಹೋಗುವಾಗಲೇ ಹೆಚ್ಚುಕಡಿಮೆ ಅಷ್ಟು ಕೇಳಿಸುತ್ತದೆ. ನಡುವಿನ ಗೋಡೆ, ಮರಗಳು ಸ್ವಲ್ಪ ತಡೆಯುತ್ತವೆಂಬುದು ನಿಜ. ಆದರೆ ಮೋಡವಿಲ್ಲದ ರಾತ್ರಿ ನೆಲ ತಣ್ಣಗಾಗಿ, ಅದರ ಮೇಲಿನ ಗಾಳಿ ತಂಪಾಗಿಯೂ ಇನ್ನೂ ಮೇಲಿನದು ಬೆಚ್ಚಗೂ ಇರುವಾಗ, ಮೇಲೆ ಹೋಗಬೇಕಾದ ಸದ್ದು ಮತ್ತೆ ನೆಲದ ಕಡೆಗೇ ಬಾಗುತ್ತದೆ. ಇರುಳಿನಲ್ಲಿ ಪಕ್ಕದ ಊರಿನ ತಮಟೆ ಸ್ಪಷ್ಟವಾಗಿ ಕೇಳುವುದು ಇದರಿಂದಲೇ. ರಾತ್ರಿಯ ಗಾಡಿಯ ಅಬ್ಬರ ಹೊಲದ ಮನೆಗಳಿಗೂ ತಲುಪುವುದಕ್ಕೆ ಕಾರಣ ಇದೇ.

ಹಾಲು ಕರೆಯುವ ಹೊತ್ತಿನಲ್ಲಿ

ಸದ್ದಿನಿಂದ ಆಗುವ ನಷ್ಟವೆಂದರೆ ಬರೀ ಕಿರಿಕಿರಿ ಎಂದು ಕೆಲವರು ತಿಳಿದಿದ್ದಾರೆ. ಹಸು ಸಾಕಿದವರು ಇದನ್ನು ಬೇರೆ ರೀತಿಯಲ್ಲಿ ನೋಡಬೇಕು.

ಕೆಚ್ಚಲು ತೊಳೆದು ಸವರಿದಾಗ, ಇಲ್ಲವೇ ಕರು ಬಾಯಿ ಹಾಕಿದಾಗ, ಹಸುವಿನ ಮೆದುಳಿನ ಕೆಳಗಿರುವ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಬಂದು ಕೆಚ್ಚಲನ್ನು ಸೇರುತ್ತದೆ. ಆಗ ಹಾಲಿನ ಚೀಲಗಳ ಸುತ್ತಲಿನ ಸಣ್ಣ ಸ್ನಾಯುಗಳು ಬಿಗಿದು ಹಾಲನ್ನು ಕೆಳಕ್ಕೆ ಇಳಿಸುತ್ತವೆ. ಈ ರಸದ ಪ್ರಭಾವ ಇರುವುದು ಐದಾರು ನಿಮಿಷ ಮಾತ್ರ. ಅಷ್ಟರಲ್ಲಿ ಕರೆದು ಮುಗಿಸಬೇಕು. ಆ ಹೊತ್ತಿಗೆ ಸರಿಯಾಗಿ ಕೊಟ್ಟಿಗೆಯ ಪಕ್ಕದಲ್ಲಿ ಪಟಾಕಿಯಂತೆ ಸದ್ದಾಗಿ ಹಸು ಬೆಚ್ಚಿತೆನ್ನಿ. ಬೆದರಿದ ಪ್ರಾಣಿಯ ಮೈಯಲ್ಲಿ ಅಡ್ರಿನಲಿನ್ ಎಂಬ ಬೇರೊಂದು ರಸ ಹರಿದು, ಮೊದಲಿನ ರಸದ ಕೆಲಸಕ್ಕೆ ಅಡ್ಡ ಬರುತ್ತದೆ. ಹಸು ಹಾಲನ್ನು ಬಿಗಿಹಿಡಿಯುತ್ತದೆ. ಕರೆಯುವ ಹೆಣ್ಣುಮಗಳು ಎಷ್ಟು ಎಳೆದರೂ ಬರುವುದಿಲ್ಲ. ಮೇಲಾಗಿ ಒದೆ ತಿನ್ನುವ ಭಯ.

ಇಲ್ಲೊಂದು ವಿಷಯವನ್ನು ಮನಸ್ಸಿನಲ್ಲಿಡಬೇಕು. ಕೊನೆಯಲ್ಲಿ ಬರುವ ಹಾಲಿನಲ್ಲಿಯೇ ಜಿಡ್ಡಿನ ಅಂಶ ಹೆಚ್ಚು. ಕೆಚ್ಚಲಿನಲ್ಲಿ ಉಳಿದುಹೋಗುವುದು ಆ ಹಾಲು. ಡೈರಿಯಲ್ಲಿ ಜಿಡ್ಡು ನೋಡಿ ಹಣ ಕೊಡುವುದರಿಂದ ಲೀಟರಿನಲ್ಲಿಯೂ ನಷ್ಟ, ಜಿಡ್ಡಿನಲ್ಲಿಯೂ ನಷ್ಟ. ಹೀಗೆ ಹಾಲು ಪದೇ ಪದೇ ಉಳಿಯುತ್ತ ಬಂದರೆ ಕೆಚ್ಚಲು ಬಾವಿಗೂ ಅವಕಾಶವಾಗುತ್ತದೆ. ಸಂಜೆ ಡೈರಿಯ ಗಂಟೆಗೆ ಮುಂಚೆ ಊರಿನ ಕೊಟ್ಟಿಗೆಗಳಲ್ಲೆಲ್ಲ ಹಾಲು ಕರೆಯುತ್ತಿರುತ್ತಾರೆ. ಯುವಕರು ಗಾಡಿ ತೆಗೆದು ಸುತ್ತಲು ಹೊರಡುವುದೂ ಅದೇ ಹೊತ್ತಿಗೆ.

ಕೋಳಿ ಸಾಕಣೆಯವರಿಗೂ ಇದು ಗೊತ್ತಿರುವ ಸಂಗತಿ. ಥಟ್ಟನೆ ದೊಡ್ಡ ಸದ್ದಾದರೆ ಶೆಡ್ಡಿನ ಕೋಳಿಗಳು ಬೆದರಿ ಒಂದು ಮೂಲೆಗೆ ಒತ್ತಿಕೊಳ್ಳುತ್ತವೆ. ಅಡಿಯಲ್ಲಿ ಸಿಕ್ಕಿದವು ಉಸಿರುಕಟ್ಟಿ ಸಾಯುತ್ತವೆ.

ಮನೆಯವರ ಮಾತು ಬೇರೆಯೇ ಇದೆ. ಪರೀಕ್ಷೆಗೆ ಓದುವ ಮಗು, ಆಗತಾನೆ ಕಣ್ಣು ಮುಚ್ಚಿದ ಹಸುಳೆ, ರಾತ್ರಿಯೆಲ್ಲ ನೀರು ಕಟ್ಟಿ ಹಗಲಿನಲ್ಲಿ ಮಲಗಿದ ರೈತ, ರಕ್ತದ ಒತ್ತಡವಿರುವ ಮುದುಕರು, ಇವರೆಲ್ಲರ ನಿದ್ದೆ ಮುರಿಯುವುದಕ್ಕೆ ಒಂದೇ ಗಾಡಿ ಸಾಕು. ರಾತ್ರಿ ರಸ್ತೆಯ ಸದ್ದು ಸರಾಸರಿ 45 ಡೆಸಿಬಲ್ಲಿಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯೂರೋಪಿನ ದೇಶಗಳಿಗೆ ಸಲಹೆ ಕೊಟ್ಟಿತು. ಅದಕ್ಕಿಂತ ಹೆಚ್ಚಾದರೆ ನಿದ್ದೆಗೆ ಕೇಡೆಂಬುದೇ ಅದರ ಕಾರಣ.

ಗಾಡಿ ಓಡಿಸುವವನಿಗೂ ಇದು ತಪ್ಪಿದ್ದಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದೆಂದು ಬಲ್ಲವರು ಹೇಳುತ್ತಾರೆ. ಅದರ ಮೇಲೆ 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್ಲಿಗೆ ದಿನಕ್ಕೆ 15 ನಿಮಿಷ ಮಾತ್ರ. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಗಳುಳ್ಳ ಕಣಗಳಿವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ.

"ಶಕ್ತಿ ಹೆಚ್ಚುತ್ತದೆ" ಎಂಬ ನಂಬಿಕೆ

ಕೊಳವೆ ಬದಲಾಯಿಸಿದರೆ ಗಾಡಿಯ ಎಳೆತ ಹೆಚ್ಚುತ್ತದೆಂದು ಅನೇಕರ ನಂಬಿಕೆ. ಪಂದ್ಯದ ಗಾಡಿಗಳಲ್ಲಿ ಹಾಗೆ ಮಾಡುವುದುಂಟು; ಆದರೆ ಅಲ್ಲಿ ಕೊಳವೆಯ ಜೊತೆಗೆ ಗಾಳಿಯ ದಾರಿ, ಪೆಟ್ರೋಲಿನ ಪ್ರಮಾಣ ಎಲ್ಲವನ್ನೂ ಹೊಂದಿಸುತ್ತಾರೆ. ನಮ್ಮ ಗಾಡಿಯ ಎಂಜಿನ್ನನ್ನು ಅದರ ಸೈಲೆನ್ಸರಿನೊಂದಿಗೆ ಸೇರಿಸಿಯೇ ಲೆಕ್ಕ ಮಾಡಿ ಕೂಡಿಸಿರುತ್ತಾರೆ. ಒಂದನ್ನು ಮಾತ್ರ ಕಿತ್ತರೆ ತಾಳ ತಪ್ಪುತ್ತದೆ. ಹೊಸ ಗಾಡಿಗಳಲ್ಲಿ ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆದು, ಎಷ್ಟು ಪೆಟ್ರೋಲು ಬಿಡಬೇಕೆಂದು ತಿಳಿಸುವ ಸಾಧನವೂ ಆ ಕೊಳವೆಯಲ್ಲಿರುತ್ತದೆ. ಅದರ ಲೆಕ್ಕ ತಪ್ಪಿದರೆ ಎಂಜಿನ್ನು ಅತಿಯಾಗಿ ಕಾಯುವುದು, ಮೈಲೇಜು ಇಳಿಯುವುದು, ನಿಧಾನವಾಗಿ ಹೋಗುವಾಗ ಮುಗ್ಗರಿಸುವುದು ಆಗಬಹುದು. ಹೆಚ್ಚುವುದು ಸದ್ದು, ಶಕ್ತಿ ಹೆಚ್ಚಿದಂತೆ ತೋರುವುದು ಕಿವಿಗೆ.

ಇನ್ನು, ಓಡುತ್ತಿರುವಾಗಲೇ ಸ್ವಿಚ್ಚು ಆರಿಸಿ ಮತ್ತೆ ಹಾಕಿ ಪಟಾಕಿ ಹೊಡೆಸುವ ಆಟ. ಸ್ವಿಚ್ಚು ಆರಿದಾಗ ಉರಿಯದ ಪೆಟ್ರೋಲಿನ ಆವಿ ಬಿಸಿ ಕೊಳವೆಯಲ್ಲಿ ತುಂಬಿಕೊಳ್ಳುತ್ತದೆ. ಮತ್ತೆ ಕಿಡಿ ಬಂದಾಗ ಅದು ಅಲ್ಲಿಯೇ ಸಿಡಿಯುತ್ತದೆ. ಸುಡುವುದು ನಿಮ್ಮದೇ ಪೆಟ್ರೋಲು, ಹಾಳಾಗುವುದು ನಿಮ್ಮದೇ ಕವಾಟ ಮತ್ತು ಶೋಧಕ.

ಸದ್ದು ಜೋರಾಗಿದ್ದರೆ ಎದುರಿನವರಿಗೆ ಎಚ್ಚರಿಕೆಯಾಗುತ್ತದೆಂದು ಹೇಳುವವರೂ ಇದ್ದಾರೆ. ಕೊಳವೆಯ ಬಾಯಿ ಇರುವುದು ಹಿಂದಕ್ಕೆ. ಅಪಾಯ ಬರುವುದು ಹೆಚ್ಚಾಗಿ ಮುಂದಿನಿಂದ. ಗಾಜು ಏರಿಸಿಕೊಂಡ ಲಾರಿಯವನಿಗೆ ನಿಮ್ಮ ಸದ್ದಿಗಿಂತ ಮೊದಲು ಕಾಣುವುದು ನಿಮ್ಮ ದೀಪ. ಆ ಕಾರಣದಿಂದಲೇ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹಗಲಿನಲ್ಲಿಯೂ ಮುಂದಿನ ದೀಪ ತಾನಾಗಿ ಉರಿಯುವಂತೆ ನಿಯಮ ಮಾಡಿದರು. ಜೀವ ಉಳಿಸುವುದು ದೀಪ, ಹೆಲ್ಮೆಟ್ಟು ಮತ್ತು ಮಿತವಾದ ವೇಗ.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮದಂತೆ ಪ್ರತಿಯೊಂದು ಮೋಟಾರು ವಾಹನಕ್ಕೂ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರತಕ್ಕದ್ದು. ಗೊತ್ತುಮಾಡಿದ ಡೆಸಿಬಲ್ಲಿನ ಮಿತಿಗೆ ಒಳಪಡುವಂತೆ ವಾಹನವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಾಯಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಈ ಕಲಮಿನ ಅರ್ಥವನ್ನು ಸ್ಪಷ್ಟಪಡಿಸಿ, ಇಂಥ ಬದಲಾವಣೆಗೆ ಅವಕಾಶವಿಲ್ಲವೆಂದಿತು.

ಅದೇ ವರ್ಷ ಕಾಯಿದೆಗೆ ದೊಡ್ಡ ತಿದ್ದುಪಡಿಯಾಗಿ, ದಂಡಗಳು 2019ರ ಸೆಪ್ಟೆಂಬರ್ 1ರಿಂದ ಹೆಚ್ಚಾದವು. ಆ ತಿದ್ದುಪಡಿ ಗೊತ್ತುಮಾಡಿದ್ದು ಹೀಗೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದರೆ 190ನೆಯ ಕಲಮಿನ ಕೆಳಗೆ ಮೊದಲ ಸಲ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಲ್ಲದೆ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ. ಅನುಮತಿಯಿಲ್ಲದ ಭಾಗ ಕೂಡಿಸಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ 182ಎ ಕಲಮಿನ ಕೆಳಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ರಸ್ತೆಯಲ್ಲಿಯೇ ಪ್ರಕರಣ ಮುಗಿಸಿಕೊಳ್ಳಲು ರಾಜ್ಯ ಸರ್ಕಾರ ಗೊತ್ತುಮಾಡುವ ದಂಡ ಇದಕ್ಕಿಂತ ಕಡಿಮೆ ಇರಬಹುದು. ಈಗಿನ ದರವನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ ಆರ್.ಟಿ.ಒ. ಕಚೇರಿಯಲ್ಲಾಗಲಿ ಕೇಳಿ ತಿಳಿಯಬೇಕು.

ತಂದೆತಾಯಿಗಳು ಇಲ್ಲಿ ಎರಡು ಮಾತನ್ನು ಗಮನಿಸಬೇಕು. ಮೊದಲನೆಯದು, 190ನೆಯ ಕಲಮು ಓಡಿಸುವವನಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವನಿಗೂ ಅನ್ವಯಿಸುತ್ತದೆ. ನಮ್ಮ ಕಡೆ ಆರ್.ಸಿ. ಇರುವುದು ಬಹಳ ಸಲ ತಂದೆಯ ಹೆಸರಿನಲ್ಲಿ. ಎರಡನೆಯದು, ಓಡಿಸಿ ತಪ್ಪು ಮಾಡಿದವನು 18 ತುಂಬದ ಹುಡುಗನಾಗಿದ್ದರೆ, 2019ರ ತಿದ್ದುಪಡಿ ಸೇರಿಸಿದ 199ಎ ಕಲಮು ಪಾಲಕನನ್ನು ಅಥವಾ ಮಾಲೀಕನನ್ನೇ ತಪ್ಪಿತಸ್ಥನೆಂದು ಎಣಿಸುತ್ತದೆ. ಅದಕ್ಕೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡವಲ್ಲದೆ, ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೂ ಸಿಗದು. ಡ್ರೈವರ್ ಕೆಲಸವನ್ನು ನಂಬಿಕೊಳ್ಳಬೇಕಾದ ಹುಡುಗನಿಗೆ ಇದು ಅನ್ನದ ಪ್ರಶ್ನೆ.

"ಹೊಗೆ ತಪಾಸಣೆಯ ಚೀಟಿ ಇದೆಯಲ್ಲ" ಎನ್ನುವವರುಂಟು. ಆ ತಪಾಸಣೆಯಲ್ಲಿ ಅಳೆಯುವುದು ಹೊಗೆಯನ್ನು, ಸದ್ದನ್ನಲ್ಲ. "ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಾರಲ್ಲ" ಎನ್ನುವವರೂ ಇದ್ದಾರೆ. ಅಂಗಡಿಯವನು ಮಾರಿದ ಮಾತ್ರಕ್ಕೆ ರಸ್ತೆಯಲ್ಲಿ ಓಡಿಸಲು ಅನುಮತಿ ಸಿಕ್ಕಂತಾಗಲಿಲ್ಲ. ದಂಡ ಕಟ್ಟುವಾಗ ಅವನು ಜೊತೆಗೆ ಬರುವುದೂ ಇಲ್ಲ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಕೊಳವೆಗಳನ್ನು ಕಳಚಿಸಿ, ರಾಶಿ ಹಾಕಿ, ರೋಡ್ ರೋಲರ್ ಹಾಯಿಸಿ ಅಪ್ಪಚ್ಚಿ ಮಾಡಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ತಾವೂ ನೋಡಿರಬಹುದು.

ವಾಹನಗಳ ಮಾತು ಹೀಗಾದರೆ, ವಾಸದ ಸ್ಥಳಗಳಿಗೂ ಕಾನೂನಿನ ರಕ್ಷಣೆ ಉಂಟು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಇದು ಒಂದು ಗಳಿಗೆಯ ಸದ್ದಲ್ಲ, ಆ ಅವಧಿಯ ಸರಾಸರಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನಷ್ಟು ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಸಾರಲು ಅವಕಾಶವಿದೆ. ಅಲ್ಲಿ ಮಿತಿ ಹಗಲು 50, ರಾತ್ರಿ 40.

ಟ್ರ್ಯಾಕ್ಟರಿಗೂ ಇದೇ ನ್ಯಾಯ

ಹುಡುಗರ ಮೇಲೆ ದೂರು ಹೇಳುವ ಹಿರಿಯರಲ್ಲಿಯೂ ಒಂದು ಮಾತು ಅರಿಕೆ ಮಾಡಿಕೊಳ್ಳಬೇಕಾಗಿದೆ. ಮೇಲೆ ಹೇಳಿದ 120ನೆಯ ನಿಯಮದಲ್ಲಿ ಕೃಷಿ ಟ್ರ್ಯಾಕ್ಟರೂ ಸೇರಿದೆಯೆಂದು ಸ್ಪಷ್ಟವಾಗಿ ಬರೆದಿದೆ. ಸೈಲೆನ್ಸರ್ ಉದುರಿಹೋಗಿ ಬರೀ ಕೊಳವೆಯಲ್ಲಿ ಓಡುವ ಟ್ರ್ಯಾಕ್ಟರು, ತುಕ್ಕು ಹಿಡಿದು ತೂತು ಬಿದ್ದ ಹಳೆಯ ಮೊಪೆಡ್ಡು, ಇವುಗಳ ಸದ್ದು ಷೋಕಿಯಿಂದ ಬಂದದ್ದಲ್ಲ, ಅಲಕ್ಷ್ಯದಿಂದ ಬಂದದ್ದು. ಆದರೆ ಬೆಚ್ಚುವ ಹಸುವಿಗೆ ಆ ಭೇದ ತಿಳಿಯದು. ನ್ಯಾಯ ಇಬ್ಬರಿಗೂ ಒಂದೇ ಆದರೆ ಮಾತ್ರ ಹುಡುಗರು ಕಿವಿಗೊಡುತ್ತಾರೆ.

ಸೈಲೆನ್ಸರಿಗೆ ತುಕ್ಕು ಏಕೆ ಹಿಡಿಯುತ್ತದೆಂದು ಅನೇಕರಿಗೆ ತಿಳಿಯದು. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ದೂರ ಓಡಿದ ಗಾಡಿಯಲ್ಲಿ ಸೈಲೆನ್ಸರ್ ಕಾದು ಆವಿ ಹೊರಗೆ ಹೋಗುತ್ತದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಎಂದು ಅರ್ಧ ಮೈಲಿ ಓಡಿ ನಿಲ್ಲುವ ಗಾಡಿಯಲ್ಲಿ ಆವಿ ತಣಿದು ನೀರಾಗಿ ಒಳಗೇ ನಿಂತು ತಗಡನ್ನು ತಿನ್ನುತ್ತದೆ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಸ್ವಲ್ಪ ದೂರ ಓಡಿಸುವುದು, ನೀರು ಇಳಿಯಲು ಸೈಲೆನ್ಸರಿನ ತಳದಲ್ಲಿ ಸಣ್ಣ ರಂಧ್ರವಿದ್ದರೆ ಅದಕ್ಕೆ ಮಣ್ಣು ಮೆತ್ತದಂತೆ ನೋಡಿಕೊಳ್ಳುವುದು, ಬೋಲ್ಟು ಮತ್ತು ಗ್ಯಾಸ್ಕೆಟ್ಟು ಸಡಿಲವಾದಾಗ ಕೂಡಲೇ ಬಿಗಿ ಮಾಡಿಸುವುದು, ಇಷ್ಟು ಮಾಡಿದರೆ ಸೈಲೆನ್ಸರ್ ಬಹುಕಾಲ ಬಾಳುತ್ತದೆ.

ಊರಿನಲ್ಲಿ ಮಾಡಬಹುದಾದದ್ದು

1. ಹೊಸ ಗಾಡಿ ಕೊಳ್ಳುವಾಗ ಕೊಡುವ ಫಾರಂ 22 ಎಂಬ ಪತ್ರವನ್ನು ಜೋಪಾನವಾಗಿಡಿ. ಈಚಿನ ಗಾಡಿಗಳ ಈ ಪತ್ರದಲ್ಲಿ ಗಾಡಿಯ ಸದ್ದಿನ ಪ್ರಮಾಣವನ್ನೂ ನಮೂದಿಸಿರುತ್ತಾರೆ.

2. ಸೈಲೆನ್ಸರ್ ಬದಲಾಯಿಸಿದವರ ಮನೆಯ ಅಟ್ಟದ ಮೇಲೆ ಮೂಲ ಸೈಲೆನ್ಸರ್ ಇನ್ನೂ ಇರಬಹುದು. ಯುವಕ ಸಂಘದವರು ಒಂದು ಭಾನುವಾರ ಮೆಕ್ಯಾನಿಕ್ಕನ್ನು ಊರಿಗೆ ಕರೆಸಿ, ಎಲ್ಲರ ಮೂಲ ಸೈಲೆನ್ಸರುಗಳನ್ನೂ ಒಟ್ಟಿಗೆ ಕೂಡಿಸಬಹುದು. ಅದೇ ದಿನ ಟ್ರ್ಯಾಕ್ಟರುಗಳನ್ನೂ ಪರೀಕ್ಷಿಸಿ ತೂತುಗಳಿಗೆ ಬೆಸುಗೆ ಹಾಕಿಸಬಹುದು. ಪೊಲೀಸರು ಹಿಡಿಯುವ ಮೊದಲು ತಾನಾಗಿ ಕಳಚಿದವನಿಗೆ ದಂಡವೂ ಇಲ್ಲ, ಮುಖಭಂಗವೂ ಇಲ್ಲ.

3. ಗ್ರಾಮಸಭೆಯಲ್ಲಿ ಈ ವಿಷಯವಿಟ್ಟು ಚರ್ಚಿಸಿ, ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರಗಳ ಬಳಿ ಫಲಕ ಹಾಕಿಸಲು ನಿರ್ಣಯ ಮಾಡಬಹುದು. ಆ ಚರ್ಚೆಯಲ್ಲಿ ಹಾಲು ಕರೆಯುವ ಹೆಣ್ಣುಮಕ್ಕಳೂ ಮಾತಾಡಲಿ. ಗಾಡಿ ಓಡಿಸುವ ಹುಡುಗರೂ ಮಾತಾಡಲಿ.

4. ಹೇಳಿದರೂ ಕೇಳದವರಿದ್ದರೆ ಗಾಡಿಯ ನಂಬರು, ದಿನ, ಹೊತ್ತು, ಸ್ಥಳ ಇವನ್ನು ಬರೆದಿಟ್ಟುಕೊಂಡು ಠಾಣೆಗೆ ಲಿಖಿತ ದೂರು ಕೊಡಿ. ನಾಲ್ಕಾರು ಮನೆಯವರು ಸೇರಿ ಸಹಿ ಮಾಡಿದರೆ ದೂರಿಗೆ ತೂಕ ಬರುತ್ತದೆ. ಕೂಡಲೇ ನೆರವು ಬೇಕಾದಾಗ 112ಕ್ಕೆ ಕರೆ ಮಾಡಬಹುದು.

5. ಏನೇ ಆದರೂ ರಸ್ತೆಗೆ ಹಗ್ಗ ಅಥವಾ ತಂತಿ ಕಟ್ಟುವುದು, ಕಲ್ಲು ಇಡುವುದು, ಅಟ್ಟಿಸಿಕೊಂಡು ಹೋಗುವುದು ಕೂಡದು. ಕತ್ತಲಿನಲ್ಲಿ ಆ ತಂತಿಗೆ ಸಿಕ್ಕುವವನು ಅಬ್ಬರ ಮಾಡಿದವನೇ ಆಗಬೇಕೆಂದಿಲ್ಲ. ಹಾಲು ಹಾಕಿ ಮನೆಗೆ ಮರಳುವ ನಿಮ್ಮ ಮಗನೇ ಆಗಬಹುದು. ಸದ್ದಿನ ಜಗಳ ಕೇರಿ ಕೇರಿಯ ಜಗಳವಾಗಿ ಬೆಳೆದರೆ ಅದನ್ನು ಆರಿಸುವುದು ಯಾವ ಕಾನೂನಿಗೂ ಸುಲಭವಲ್ಲ.

ಯುವಕ ಮಿತ್ರರಲ್ಲಿ ಕಡೆಯದಾಗಿ ಒಂದು ಮಾತು. ನಾಲ್ಕು ಜನ ತನ್ನನ್ನು ತಿರುಗಿ ನೋಡಬೇಕೆಂಬ ಆಸೆ ಪ್ರಾಯದಲ್ಲಿ ತಪ್ಪಲ್ಲ. ಸದ್ದು ಕೇಳಿದಾಗ ಊರವರು ತಿರುಗಿ ನೋಡುವುದೂ ನಿಜ. ಆದರೆ ಆ ನೋಟದಲ್ಲಿ ಏನಿರುತ್ತದೆಂದು ಗಾಡಿಯ ಮೇಲೆ ಮುಂದೆ ಸಾಗಿಹೋದವನಿಗೆ ಕಾಣುವುದಿಲ್ಲ. ಅದೇ ಗಾಡಿಯಲ್ಲಿ ರೋಗಿಯನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಮುಟ್ಟಿಸಿದವನನ್ನು ಊರು ಹಲವು ಕಾಲ ನೆನೆಯುತ್ತದೆ.

ಈ ಸಂಚಿಕೆ ಓದಿ ಮುಗಿಸಿದ ಮೇಲೆ, ಗಾಡಿಯಿರುವ ಪ್ರತಿಯೊಬ್ಬರೂ ಒಮ್ಮೆ ಬಗ್ಗಿ ತಮ್ಮ ಸೈಲೆನ್ಸರನ್ನು ನೋಡಬೇಕೆಂದು ವಿನಂತಿ. ಮೂಲದ್ದೇ ಇದ್ದರೆ ಅದರ ತುಕ್ಕು ಒರೆಸಿರಿ. ಬದಲಾಯಿಸಿದ್ದರೆ ಅಟ್ಟ ಹತ್ತಿ ಹಳೆಯದನ್ನು ಕೆಳಗಿಳಿಸಿರಿ.